ನಾಗಾಲೋಟದಲ್ಲಿ ನಾಗನೆಲ್ಲಿ?

‘ನಾಗಾಲೋಟ’ವೆಂದರೆ ನಾಗರಹಾವಿನಂತೆ ಸರ್ರನೆ ಹರಿಯುವ ಓಟವೆಂದು ನಾನು ಬಹುಕಾಲ ತರಗತಿಯಲ್ಲಿ ಹೇಳುತ್ತ ಬಂದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಮ್ಮಪ್ಪ ಜಟಕಾ ಹೊಡೀತಾರೆ. ನಾಗಾಲು ಅಂದ್ರೆ ನಾಲ್ಕು ಕಾಲಲ್ವೆ? ಹಾವಿಗೆ ಕಾಲೆಲ್ಲಿ?” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ರಾತ್ರಿ ವ್ಯಾಕರಣ ತೆರೆಯದೆ ನಿದ್ದೆ ಬರಲಿಲ್ಲ.

ಹುಡುಗನ ಮಾತೇ ಸರಿ. ಸಮಾಸದಲ್ಲಿ ‘ನಾಲ್ಕು’ ಎಂಬುದು ‘ನಾಲ್’ ಆಗುತ್ತದೆ. ನಾಲ್ವರು, ನಾಲ್ವಡಿ ಎಂಬಲ್ಲಿ ಅದನ್ನು ಕಾಣುತ್ತೇವೆ. ‘ನೂರು’ ಸೇರಿದಾಗ ಲಕಾರವೂ ಬಿದ್ದು ‘ನಾನೂರು’ ಉಳಿಯುತ್ತದೆ. ‘ಕಾಲು’ ಸೇರಿದಾಗಲೂ ಹಾಗೆಯೇ. ಜೊತೆಗೆ ‘ಮಳೆಗಾಲ’ದಲ್ಲಿ ಆಗುವಂತೆ ಕಕಾರಕ್ಕೆ ಗಕಾರ ಬಂದು ‘ನಾಗಾಲು’. ಈ ಗಕಾರದ ಸಂಧಿಯನ್ನು 13ನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ನಾಗಾಲೋಟವೆಂದರೆ ನಾಲ್ಕು ಕಾಲಿನ ಓಟ, ಕುದುರೆಯ ಅತಿವೇಗದ ಓಟ.

ಹೆಸರು ನಾಲ್ಕು ಕಾಲಿನದಾದರೂ ಅದರಲ್ಲೊಂದು ಸೋಜಿಗವಿದೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ, ಈ ಓಟದ ಒಂದು ಕ್ಷಣದಲ್ಲಿ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆಂಬುದು ಕಂಡಿತು.

ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಆದರೆ ಹಿಂದಿನ ವರ್ಷಗಳ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಈಗ ತಾವೇ ಮೇಷ್ಟರಾಗಿದ್ದಾರೆ. ನನ್ನ ಹಾವನ್ನು ಅವರೂ ತಮ್ಮ ತರಗತಿಗಳಲ್ಲಿ ಹರಿಯಬಿಟ್ಟಿರಬಹುದು. ಈ ನಾಲ್ಕು ಮಾತು ಅವರಿಗಾಗಿ.