ನೆರೆಮನೆಯ ಗೋಡೆ ಮತ್ತು ಪ್ರವೇಶದ ಹಕ್ಕು: ಪುಣೆಯ ಪ್ಲೇಗಿನ ಒಂದು ಪಾಠ

ಗೋಡೆಗೆ ಗೋಡೆ ಕೂಡಿದ ಮನೆಗಳಲ್ಲಿ ಒಬ್ಬನ ಇಲಿ ಇನ್ನೊಬ್ಬನ ಇಲಿಯೂ ಹೌದು. ಗೆದ್ದಲು, ತಿಗಣೆ, ಜಿರಲೆಗಳ ಮಾತೂ ಅಷ್ಟೆ. ಕಾಗದಪತ್ರಗಳು ಗೋಡೆಯ ನಟ್ಟನಡುವೆ ಗೆರೆ ಎಳೆದು ಒಡೆತನವನ್ನು ನಿರ್ಣಯಿಸುತ್ತವೆ. ಈ ಜೀವಿಗಳು ಆ ಗೆರೆಯನ್ನು ಅರಿಯವು. ಗೃಹಸ್ಥನು ತನ್ನ ಮನೆಯನ್ನು ಎಷ್ಟೇ ಚೊಕ್ಕಟವಾಗಿ ಇಟ್ಟುಕೊಂಡರೂ, ನೆರೆಮನೆಯ ಅಟ್ಟದ ಬಿಲ ಮುಚ್ಚುವವರೆಗೆ ಅವನಿಗೆ ನೆಮ್ಮದಿಯಿಲ್ಲ. ಅದನ್ನು ಮುಚ್ಚಬೇಕಾದರೆ ಯಾರಾದರೊಬ್ಬರು ನೆರೆಯವನ ಹೊಸ್ತಿಲನ್ನು ದಾಟಲೇಬೇಕು. ಹಾಗೆ ದಾಟಲು ಹಕ್ಕುಂಟೆ? ಉಂಟಾದರೆ ಯಾವ ಕಟ್ಟಳೆಗಳಿಗೆ ಒಳಪಟ್ಟು? ಮೇಲುನೋಟಕ್ಕೆ ಇದು ಬಚ್ಚಲುಮೋರಿಯ ಜಗಳದಷ್ಟು ಸಣ್ಣ ಪ್ರಶ್ನೆ. ಆದರೆ ಇದೇ ಪ್ರಶ್ನೆ 1897ರಲ್ಲಿ ಪುಣೆಯ ಬೀದಿಗಳಲ್ಲಿ ಪ್ರಾಣಗಳನ್ನು ತೆಗೆದುಕೊಂಡಿತು. ಭಾರತದ ರಾಜಕೀಯದ ದಿಕ್ಕನ್ನೂ ಒಂದಿಷ್ಟು ಬದಲಿಸಿತು. ಆ ಅನುಭವವನ್ನು ನಮ್ಮ ಕಲ್ಯಾಣದಲ್ಲಿ ಹುಟ್ಟಿದ ಒಂದು ಧರ್ಮಗ್ರಂಥದ, ಮೈಸೂರಿನಲ್ಲಿ ಬೆಳಕಿಗೆ ಬಂದ ಒಂದು ಅರ್ಥಗ್ರಂಥದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಊರಿನ ರಚನೆಯನ್ನು ನೋಡಬೇಕು. ಕಸಬಾ, ಶನಿವಾರ, ಸದಾಶಿವ, ನಾರಾಯಣ, ಬುಧವಾರ ಮೊದಲಾದ ಪೇಠೆಗಳಲ್ಲಿ ಪೇಶವೆಯವರ ಕಾಲದಿಂದ ಬೆಳೆದು ಬಂದದ್ದು ವಾಡೆಗಳ ವಸತಿ. ನಡುವೆ ತೆರೆದ ಚೌಕ, ಸುತ್ತಲೂ ಮರದ ಕಂಬತೊಲೆಗಳ ಕಟ್ಟಡ, ಇಟ್ಟಿಗೆ ಮಣ್ಣುಗಳ ದಪ್ಪ ಗೋಡೆ, ಮೇಲೆ ಹೆಂಚು. ಒಂದು ವಾಡೆ ಮುಗಿಯುವಲ್ಲಿ ಇನ್ನೊಂದು ಆರಂಭವಾಗುತ್ತದೆ. ಎಷ್ಟೋ ಕಡೆ ಎರಡಕ್ಕೂ ಒಂದೇ ಗೋಡೆ. ಮರಾಠಿಯಲ್ಲಿ ಇದಕ್ಕೆ ‘ಸಾಮಾಯಿಕ ಭಿಂತ’ ಎಂದು ಹೆಸರು. ಒಂದು ವಾಡೆಯೊಳಗೇ ಹಲವು ಬಿಡಾರದವರು ಇರುವುದೂ ವಾಡಿಕೆ. ಬೇಸಗೆಗೆ ತಂಪಾದ ಈ ಕಟ್ಟಡಗಳು ಇಲಿಗಳಿಗೂ ಅಷ್ಟೇ ಅನುಕೂಲ. ಧಾನ್ಯದ ಕೋಣೆ ಕೆಳಗೆ, ಮರದ ಅಟ್ಟ ಮೇಲೆ, ಇವೆರಡರ ನಡುವೆ ಮಣ್ಣಿನ ಸಂದು. ಬೀದಿಗೆ ಇಳಿಯದೆಯೇ ಇಲಿಯು ಒಂದು ಸಾಲಿನ ಉದ್ದಕ್ಕೂ ಸಂಚರಿಸಬಹುದಾಗಿತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಡಾಕ್ಟರ್ ವೀಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಅದು ಪುಣೆಯನ್ನು ಮುಟ್ಟಿತು. 1897ರ ಫೆಬ್ರುವರಿ 4ರಂದು ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ನಾಲ್ಕೇ ಕಲಮುಗಳ ಕಿರಿದಾದ ಕಾಯಿದೆ ಅದು. ಒಂದು ಕಲಮಿನಿಂದ ಸರಕಾರಕ್ಕೆ ಬೇಕಾದ ನಿಯಮಗಳನ್ನು ಮಾಡುವ ಅಧಿಕಾರ ಬಂದಿತು. ಮತ್ತೊಂದರಿಂದ ಆ ನಿಯಮ ಮೀರಿದವರಿಗೆ ಶಿಕ್ಷೆ. ಕೊನೆಯದರಿಂದ, ಕಾಯಿದೆಯ ಮೇರೆಗೆ ಸದ್ಭಾವದಿಂದ ನಡೆದುಕೊಂಡವರ ಮೇಲೆ ಯಾವ ದಾವೆಯೂ ನಡೆಯದಂತೆ ರಕ್ಷಣೆ. ಮನೆಯವನಿಗೆ ಮುಂಚಿತವಾಗಿ ತಿಳಿಸಬೇಕು, ಕೆಡಿಸಿದ್ದನ್ನು ಸರಿಪಡಿಸಬೇಕು ಎಂಬ ಮಾತು ಆ ನಾಲ್ಕು ಕಲಮುಗಳಲ್ಲಿ ಎಲ್ಲಿಯೂ ಇಲ್ಲ.

ಪುಣೆಯ ಪ್ಲೇಗು ಸಮಿತಿಯ ಅಧ್ಯಕ್ಷರಾಗಿ ಬಂದವರು, ಅದುವರೆಗೆ ಸಾತಾರೆಯಲ್ಲಿ ಅಧಿಕಾರಿಗಳಾಗಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್. ಮಾರ್ಚ್ ತಿಂಗಳಿಂದ ಗೋರಾ ಸಿಪಾಯಿಗಳ ತಂಡಗಳು ಪೇಠೆಗಳನ್ನು ಸುತ್ತುಗಟ್ಟಿ ಮನೆಮನೆಯನ್ನೂ ಶೋಧಿಸತೊಡಗಿದವು. ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಲಾಯಿತು. ನೆಲವನ್ನು ಅಗೆದು, ಗೋಡೆಗೆ ಸುಣ್ಣ ಬಳಿದು, ಸೋಂಕು ತಗಲಿದುವೆಂದು ತೋರಿದ ಬಟ್ಟೆಬರೆಗಳನ್ನು ಸುಟ್ಟರು. ಸಿಪಾಯಿಗಳು ಅಡುಗೆಮನೆ ದೇವರಕೋಣೆಗಳನ್ನು ಹೊಕ್ಕರೆಂದೂ ಹೆಂಗಸರ ಮರ್ಯಾದೆಗೆ ಧಕ್ಕೆಯಾಯಿತೆಂದೂ ಊರೆಲ್ಲ ದೂರುಗಳೆದ್ದುವು. ಇಂಗ್ಲೆಂಡಿನಲ್ಲಿದ್ದ ಗೋಖಲೆಯವರು ಇಂತಹ ದೂರುಗಳನ್ನು ಅಲ್ಲಿನ ಜನರ ಮುಂದಿಟ್ಟು, ಆಧಾರ ಒದಗಿಸಲಾರದೆ ಕ್ಷಮೆ ಕೇಳಬೇಕಾಯಿತು. ಜೂನ್ 22ರ ರಾತ್ರಿ, ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿಕೊಂಡು ಗಣೇಶಖಿಂಡಿಯಿಂದ ಹಿಂದಿರುಗುತ್ತಿದ್ದ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಏಯರ್ಸ್ಟ್ ಇವರ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದರು. ಏಯರ್ಸ್ಟ್ ಒಡನೆಯೇ ಸತ್ತನು. ರ‍್ಯಾಂಡ್ ಜುಲೈ 3ರಂದು ತೀರಿಕೊಂಡನು. ಆ ವರ್ಷವೇ ಟಿಳಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಹದಿನೆಂಟು ತಿಂಗಳ ಸೆರೆಯಾಯಿತು. ಮುಂದೆ ಮೂವರು ಚಾಪೇಕರರೂ ಗಲ್ಲಿಗೇರಿದರು.

ಈ ಕಥೆಯನ್ನು ರಾಷ್ಟ್ರೀಯ ಹೋರಾಟದ ಅಧ್ಯಾಯವಾಗಿ ಹಲವರು ಬರೆದಿದ್ದಾರೆ. ನೆರೆಹೊರೆಯ ಹಕ್ಕಿನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ಸರಕಾರವು ಬಾಗಿಲನ್ನು ಮುರಿದು ಒಳಗೆ ಹೋಯಿತು. ರೋಗವು ಗೋಡೆಯ ಸಂದಿನಲ್ಲಿ ಸಾಗುತ್ತಿತ್ತು. ಪ್ಲೇಗಿನ ಕ್ರಿಮಿಯನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿದ್ವಾಂಸನು ಕಂಡುಹಿಡಿದಿದ್ದನು. ಸತ್ತ ಇಲಿಗಳನ್ನೂ ಗಮನಿಸಿದ್ದನು. ಆದರೆ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುತ್ತದೆಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಪ್ಲೇಗಿನ ಮನೆಗಳಲ್ಲಿ ಗಿನಿ ಇಲಿಗಳನ್ನು ಬಿಟ್ಟು, ಅವುಗಳ ಮೈಗೆ ಹತ್ತಿದ ಚಿಗಟಗಳನ್ನು ಪರೀಕ್ಷಿಸಿ, 1905ರ ತರುವಾಯ ಮುಂಬಯಿಯಲ್ಲಿ ಕೆಲಸ ಮಾಡಿದ ತಜ್ಞರು ಅದನ್ನು ಸ್ಥಿರಪಡಿಸಿದರು. ಇಲಿ ಸತ್ತೊಡನೆ ಚಿಗಟವು ತಣ್ಣಗಾದ ಮೈಯನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಹುಡುಕುತ್ತದೆ. ಹೀಗಿರುವಾಗ ಒಂದು ಮನೆಯ ನೆಲವನ್ನಷ್ಟೇ ಅಗೆದರೆ ಉಳಿದ ಇಲಿಗಳು ಪಕ್ಕದ ಮನೆಗೆ ಸರಿಯುವುದು ಸಹಜ. ಬೇಕಾಗಿದ್ದುದು ಒಂದೊಂದು ಮನೆಯ ದಂಡನೆಯಲ್ಲ, ಇಡೀ ಸಾಲಿನ ಏಕಕಾಲದ ಸಹಕಾರ.

ಆ ಸಹಕಾರಕ್ಕೆ ಬೇಕಾದ ತಿಳಿವಳಿಕೆಯು ಜನರಲ್ಲಿ ಇರಲಿಲ್ಲವೆನ್ನುವಂತಿಲ್ಲ. ‘ಇಲಿ ಬಿತ್ತು’ ಎಂಬ ಮಾತು ಕನ್ನಡನಾಡಿನಲ್ಲಿ ಪ್ಲೇಗಿನ ಸೂಚನೆಯಾಗಿ ರೂಢಿಗೆ ಬಂದದ್ದು ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿತ್ತು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಂದರೆ ನೆರೆಯವನು ಕೊಡುವ ಸುದ್ದಿಯೇ ಮೊದಲ ಮದ್ದು. ಪುಣೆಯಲ್ಲಿ 1897ರಲ್ಲಿ ಕೆಟ್ಟುಹೋದದ್ದು ಇದೇ. ತನ್ನ ಮನೆಯಲ್ಲಿ ಜ್ವರವೆಂದಾಗಲಿ ಇಲಿ ಸತ್ತಿತೆಂದಾಗಲಿ ಹೇಳಿದರೆ ಸಿಪಾಯಿಗಳು ಬರುವರೆಂಬ ಭಯ ಹುಟ್ಟಿದ ಮೇಲೆ ಯಾರು ತಾನೆ ಬಾಯಿ ಬಿಟ್ಟಾರು? ರೋಗಿಗಳನ್ನು ಬಚ್ಚಿಡುವುದು ಹೆಚ್ಚಿತು. ಬಲವಂತದ ಪ್ರವೇಶವು ಬಾಗಿಲುಗಳನ್ನು ತೆರೆಯಿತು, ಬಾಯಿಗಳನ್ನು ಮುಚ್ಚಿಸಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಪ್ಲೇಗು ಪುಣೆಗೆ ಮರಳಿ ಬಂದಿತು; ಮುಂದಿನ ವರ್ಷಗಳಲ್ಲಿಯೂ ಬರುತ್ತಲೇ ಇತ್ತು.

ಇನ್ನೊಬ್ಬರ ಮನೆಯೊಳಕ್ಕೆ ಹೋಗುವ ಹಕ್ಕನ್ನು ಮರ್ಯಾದೆಯಿಂದ ಕಟ್ಟಿಡುವುದು ಆ ಸರಕಾರಕ್ಕೆ ತಿಳಿಯದ ವಿದ್ಯೆಯೇನಲ್ಲ. 1882ರ ಅನುಭೋಗದ ಹಕ್ಕುಗಳ ಕಾಯಿದೆಯು ಆರಂಭದಲ್ಲಿ ಮದರಾಸು ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗುಗಳಿಗೆ ಅನ್ವಯಿಸುತ್ತಿತ್ತು. ಹೀಗೆ ಕೊಡಗು ಮತ್ತು ದಕ್ಷಿಣ ಕನ್ನಡದ ಕನ್ನಡಿಗರು ಅದನ್ನು ಮೊದಲು ಕಂಡರು. ಪುಣೆ, ಧಾರವಾಡ, ವಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತಕ್ಕೆ ಅದು ಬಂದದ್ದು 1891ರಲ್ಲಿ. ನೆರೆಯವನ ನೆಲದಲ್ಲಿ ನೀರಿನ ಕೊಳವೆ ಹಾಯಿಸುವ ಹಕ್ಕುಳ್ಳವನು ಅದನ್ನು ದುರಸ್ತಿ ಮಾಡಲು ಆ ನೆಲವನ್ನು ಹೊಕ್ಕು ಅಗೆಯಬಹುದು. ಆದರೆ ನೆಲವನ್ನು ಮೊದಲಿನಂತೆಯೇ ಮಾಡಿಕೊಡಬೇಕು ಎಂದು ಆ ಕಾಯಿದೆ ಉದಾಹರಣೆ ಸಹಿತ ಹೇಳುತ್ತದೆ. ಹದಿನೈದು ವರ್ಷಗಳ ಅಂತರದಲ್ಲಿ ಒಂದೇ ಸರಕಾರ ಮಾಡಿದ ಕಾಯಿದೆಗಳಿವು: ಒಂದರಲ್ಲಿ ಅಗೆದವನು ಮುಚ್ಚಿಕೊಡಬೇಕು, ಇನ್ನೊಂದರಲ್ಲಿ ಅಗೆದವನ ಮೇಲೆ ದಾವೆಯಿಲ್ಲ.

ಇದಕ್ಕಿಂತ ಬಹು ಹಿಂದಿನ ವಿವೇಕವೊಂದು ನಮ್ಮ ನಾಡಿನಲ್ಲಿಯೇ ಬರೆಹಕ್ಕೆ ಬಂದಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಶತಮಾನಗಳ ತರುವಾಯ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಅದನ್ನು ಹಿಂದೂ ವ್ಯವಹಾರಕ್ಕೆ ಪ್ರಮಾಣವೆಂದು ಎತ್ತಿಹಿಡಿದುವು. ಅವನು ವ್ಯಾಖ್ಯಾನಿಸಿದ ಸೀಮಾವಿವಾದ ಪ್ರಕರಣದಲ್ಲಿ ಹೊಲದ ಎಲ್ಲೆಯನ್ನು ನಿರ್ಣಯಿಸಲು ಮೊದಲು ಕರೆಯಬೇಕಾದವರು ನೆರೆಯವರು, ವೃದ್ಧರು, ದನಗಾಹಿಗಳು. ಆ ವಿಧಿಯೇ ಮನೆ, ತೋಟ, ಮಳೆನೀರಿನ ಹಾದಿ ಮುಂತಾದುವುಗಳಿಗೂ ಸಲ್ಲುತ್ತದೆಂದು ಸ್ಮೃತಿಯು ಸ್ಪಷ್ಟವಾಗಿ ಹೇಳುತ್ತದೆ. ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರದ ಎರಡು ವಿಧಿಗಳು ಅಲ್ಲಿಯೇ ಇವೆ. ಪರರ ಭೂಮಿಯಲ್ಲಿ ಕಟ್ಟುವ ಒಡ್ಡಿನಿಂದ ತೊಂದರೆ ಅಲ್ಪವಾಗಿ ಉಪಕಾರ ಬಹಳವಾಗುವಂತಿದ್ದರೆ ಅದನ್ನು ತಡೆಯಕೂಡದು ಎಂಬುದು ಒಂದು. ಭೂಮಿಯ ಒಡೆಯನಿಗೆ ತಿಳಿಸದೆ ಒಡ್ಡನ್ನು ಕಟ್ಟಿದವನಿಗೆ ಅದರ ಫಲ ದಕ್ಕದು, ಅದು ಒಡೆಯನಿಗೆ ಸೇರತಕ್ಕದ್ದು ಎಂಬುದು ಇನ್ನೊಂದು. ಈ ಎರಡೂ ಹೊಲದ ಮಾತುಗಳಾದರೂ ಅವುಗಳ ತತ್ತ್ವವನ್ನು ಮನೆಯ ಗೋಡೆಗೆ ಹೊಂದಿಸಲು ಅಡ್ಡಿಯಿಲ್ಲ. ಅಲ್ಪ ತೊಂದರೆಯ ಹೆಸರಿನಲ್ಲಿ ಬಹು ಹಿತವನ್ನು ನೆರೆಯವನು ತಡೆಯಲಾರನು. ಹಿತದ ಹೆಸರಿನಲ್ಲಿ ಹೇಳದೆ ಕೇಳದೆ ಒಳನುಗ್ಗಿದವನು ಫಲವನ್ನು ಉಣ್ಣಲಾರನು. ರ‍್ಯಾಂಡ್ ಸಮಿತಿಯ ಶ್ರಮಕ್ಕೆ ಒದಗಿದ ಗತಿಗೆ ಎರಡನೆಯ ವಿಧಿಗಿಂತ ಸರಿಯಾದ ಭಾಷ್ಯ ದೊರೆಯದು.

ಕೌಟಿಲ್ಯನ ಅರ್ಥಶಾಸ್ತ್ರವು ಇನ್ನಷ್ಟು ವ್ಯಾವಹಾರಿಕವಾದುದು. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಎಂದರೆ ಪ್ಲೇಗು ನಾಡಿನಲ್ಲಿ ಇನ್ನೂ ಓಡಾಡುತ್ತಿದ್ದಾಗಲೇ. ಎರಡು ಮನೆಗಳ ನಡುವೆ ಇಂತಿಷ್ಟು ಎಡೆ ಬಿಡಬೇಕೆಂದೂ, ಒಡೆದು ಹಾಳಾದ ಭಾಗಗಳ ದುರಸ್ತಿಗಾಗಿ ಆ ಎಡೆಯಲ್ಲಿ ಒಂದು ಕಿಷ್ಕು ಅಗಲದ, ಮೊಳಕ್ಕಿಂತ ತುಸು ಹೆಚ್ಚಿನ, ಕಿರುಬಾಗಿಲನ್ನು ಇರಿಸಬೇಕೆಂದೂ ಅದು ವಿಧಿಸುತ್ತದೆ. ಇಲಿಗಳ ಹಾವಳಿಯಾದಾಗ ಬೆಕ್ಕು ಮುಂಗುಸಿಗಳನ್ನು ಬಿಡಬೇಕು. ಅವುಗಳನ್ನು ಹಿಡಿದವನಿಗೂ ಕೊಂದವನಿಗೂ ಹನ್ನೆರಡು ಪಣ ದಂಡ. ಇಲಿಗಳನ್ನೇ ಕಂದಾಯವಾಗಿ ಒಪ್ಪಿಸಿಕೊಳ್ಳುವ ಉಪಾಯವನ್ನೂ ಅದು ಸೂಚಿಸುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಬೆಕ್ಕಿಗೆ ಗೋಡೆಯ ಎಲ್ಲೆಯಿಲ್ಲ. ಅದನ್ನು ತಡೆಯುವುದೇ ಅಪರಾಧ. ಮನುಷ್ಯನಿಗಾದರೋ ಒಂದು ಕಿಷ್ಕು ಬಾಗಿಲು, ಅದೂ ದುರಸ್ತಿಗೆ ಮಾತ್ರ. ಕೆಲಸಕ್ಕೆ ತಕ್ಕಷ್ಟೇ ಪ್ರವೇಶ ಎಂಬ ನಿಯಮವನ್ನು ಬಾಗಿಲಿನ ಅಳತೆಯೇ ಹೇಳುತ್ತದೆ.

ಪ್ಲೇಗಿನ ತರುವಾಯ ಕೆಲವೆಡೆ ಈ ತೊಡಕನ್ನು ಕಟ್ಟಡದ ರಚನೆಯಿಂದಲೇ ಪರಿಹರಿಸುವ ಯತ್ನವಾಯಿತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಹಾದಿಯಲ್ಲಿ ಬೆಂಗಳೂರನ್ನು ಮುಟ್ಟಿದ ಪ್ಲೇಗು ಅಲ್ಲಿನ ಹಳೆಯ ಪೇಟೆಯನ್ನು ತಲ್ಲಣಗೊಳಿಸಿತು. ಅದರ ತರುವಾಯ ಬೆಳೆದ ಬಸವನಗುಡಿ ಮಲ್ಲೇಶ್ವರಗಳಲ್ಲಿ ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿ, ಹಿಂಬದಿಯಲ್ಲಿ ಚೊಕ್ಕಟದ ಕೆಲಸಕ್ಕೆಂದೇ ಓಣಿಗಳನ್ನು ಬಿಟ್ಟರು. ಕೌಟಿಲ್ಯನ ಎಡೆಯೇ ಬೇರೆ ರೂಪದಲ್ಲಿ ಮರಳಿತೆನ್ನಬಹುದು. ಆದರೆ ಪುಣೆಯ ಪೇಠೆಗಳು ಕೂಡುಗೋಡೆಯ ಪೇಠೆಗಳಾಗಿಯೇ ಉಳಿದುವು. 1961ರ ಜುಲೈ 12ರ ಪಾನಶೇತ್ ಪ್ರವಾಹದಲ್ಲಿ ನದಿಯ ಬದಿಯ ಎಷ್ಟೋ ವಾಡೆಗಳು ಕುಸಿದುವು. ಅನೇಕ ವಾಡೆಗಳ ಜಾಗದಲ್ಲಿ ಮಹಡಿಕಟ್ಟಡಗಳೆದ್ದುವು. ಗೋಡೆಯ ಜೊತೆಗೆ ಈಗ ಛಾವಣಿಯೂ ಸಾಮಾಯಿಕವಾಗಿದೆ.

ಕಾಯಿದೆಯೂ ಒಂದಿಷ್ಟು ಕಲಿತಿದೆ. ಪುಣೆಯ ನಗರಪಾಲಿಕೆಯ ಆಡಳಿತಕ್ಕೆ ಆಧಾರವಾದ 1949ರ ಕಾಯಿದೆಯು ಅಧಿಕಾರಿಗಳಿಗೆ ಮನೆಯೊಳಗೆ ಹೋಗುವ ಅಧಿಕಾರವನ್ನು ಕೊಡುವಾಗ ಹಗಲಿನ ಹೊತ್ತು, ಮುಂಚಿತವಾದ ತಿಳಿವಳಿಕೆ, ಹೆಂಗಸರಿಗೆ ಬೇರೆಡೆ ಸರಿಯಲು ಅವಕಾಶ, ಮನೆಯವರ ಸಾಮಾಜಿಕ ಧಾರ್ಮಿಕ ಆಚಾರಗಳಿಗೆ ಗೌರವ ಇವುಗಳನ್ನೂ ಸಾಮಾನ್ಯವಾಗಿ ಕಡ್ಡಾಯ ಮಾಡಿತು. 1897ರ ಕಾಯಿದೆಯಾದರೋ ಇನ್ನೂ ಬದುಕಿದೆ. 2020ರಲ್ಲಿ ಕೋವಿಡ್ ಬಂದಾಗ ಮಹಾರಾಷ್ಟ್ರವು ಅದನ್ನೇ ಕೈಗೆತ್ತಿಕೊಂಡಿತು. ನೆರೆಯವರಿಬ್ಬರ ನಡುವಿನ ಸಂಗತಿ ಮಾತ್ರ ಹಿಂದೆ ಉಳಿದಿದೆ. ಇಂಗ್ಲೆಂಡಿನಲ್ಲಿ 1992ರ ಕಾಯಿದೆಯೊಂದರ ಮೇರೆಗೆ, ತನ್ನ ಮನೆಯ ರಕ್ಷಣೆಗೆ ಅವಶ್ಯವಾದ ಕೆಲಸಕ್ಕಾಗಿ ನೆರೆಯವನ ನೆಲವನ್ನು ಪ್ರವೇಶಿಸಲು ನ್ಯಾಯಾಲಯದಿಂದ ಷರತ್ತಿನ ಅಪ್ಪಣೆ ಪಡೆಯಬಹುದು. ನಮ್ಮಲ್ಲಿ ಅನುಭೋಗದ ಹಕ್ಕಿಗೆ ಒಪ್ಪಂದ, ಅವಶ್ಯಕತೆ, ರೂಢಿ ಅಥವಾ ಇಪ್ಪತ್ತು ವರ್ಷಗಳ ಅಬಾಧಿತ ಬಳಕೆ ಬೇಕು. ಗೆದ್ದಲು ಇಪ್ಪತ್ತು ವರ್ಷ ಕಾಯುವುದಿಲ್ಲ. ಸಹಕಾರಿ ಗೃಹಸಂಘಗಳಲ್ಲಿ ಮುಂಚಿತವಾಗಿ ತಿಳಿಸಿ ಸದಸ್ಯನ ಮನೆಯನ್ನು ಪರಿಶೀಲಿಸುವ ಉಪನಿಯಮವಿದೆ. ಹಳೆಯ ವಾಡೆಗಳಿಗೆ ಅದೂ ಇಲ್ಲ.

ತಿಳಿಸುವ ಕರ್ತವ್ಯಕ್ಕೆ ಇಂದು ಮತ್ತೊಂದು ಕಾರಣವೂ ಕೂಡಿದೆ. ಅಂದು ಗೋಡೆಯ ಸಂದಿನಲ್ಲಿ ಚಿಗಟ ಹೊತ್ತ ಇಲಿ ಸಾಗುತ್ತಿತ್ತು. ಇಂದು ಇಲಿಯನ್ನೂ ತಿಗಣೆಯನ್ನೂ ಕೊಲ್ಲುವ ವಿಷವೇ ಆ ಸಂದಿನಲ್ಲಿ ಸಾಗಬಲ್ಲದು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ಗಾಳಿಯ ತೇವಕ್ಕೆ ಬಿಡುವ ಅನಿಲವು ಪಕ್ಕದ ಕೋಣೆಯಲ್ಲಿ ಮಲಗಿದ ಮಗುವನ್ನೂ ಬಿಡದು. 1968ರ ಕೀಟನಾಶಕಗಳ ಕಾಯಿದೆ ಮತ್ತು ಅದರ ನಿಯಮಗಳು ಇಂತಹ ಕೆಲಸವನ್ನು ಪರವಾನಗಿ ಪಡೆದವರಿಗೆ ಮೀಸಲಿಟ್ಟಿರುವುದು ಇದಕ್ಕಾಗಿಯೇ. ಆದುದರಿಂದ ತನ್ನ ಮನೆಯೊಳಗೆ ಮಾತ್ರ ಮದ್ದು ಹಾಕಿಸುವವನು, ನೆರೆಯವನ ಹೊಸ್ತಿಲನ್ನು ದಾಟದಿದ್ದರೂ, ಅವನಿಗೆ ಹೇಳಲೇಬೇಕಾಗಿದೆ.

ಒಟ್ಟಿನಲ್ಲಿ ಪ್ರವೇಶದ ಹಕ್ಕು ಬಾಳುವುದು ಮೂರು ಕಟ್ಟಳೆಗಳೊಡನೆ: ಮೊದಲು ತಿಳಿಸುವುದು, ಕೆಲಸಕ್ಕೆ ಬೇಕಾದಷ್ಟೇ ಒಳಗೆ ಹೋಗುವುದು, ಕೆಡಿಸಿದ್ದನ್ನು ಸರಿಪಡಿಸುವುದು. ಮೊದಲನೆಯದನ್ನು ಯಾಜ್ಞವಲ್ಕ್ಯನೂ ಎರಡನೆಯದನ್ನು ಕೌಟಿಲ್ಯನೂ ಮೂರನೆಯದನ್ನು 1882ರ ಕಾಯಿದೆಯೂ ಹೇಳಿವೆ. 1897ರಲ್ಲಿ ಈ ಮೂರನ್ನೂ ಬದಿಗಿಟ್ಟ ಸರಕಾರವು ಊರಿನ ವಿಶ್ವಾಸವನ್ನು ಕಳೆದುಕೊಂಡಿತು, ರೋಗವನ್ನೂ ತಡೆಯಲಾಗಲಿಲ್ಲ. ಕೂಡುಗೋಡೆಯ ಮನೆಗಳವರು ಈ ಮೂರು ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆದು, ಇಬ್ಬರೂ ರುಜು ಹಾಕಿ, ಮನೆಯ ಪತ್ರಗಳೊಡನೆ ಇಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಮನೆ ಕೈ ಬದಲಾಯಿಸುವಾಗ ಬಂದವನು ಗೋಡೆಯ ಜೊತೆಗೆ ಆ ಹಾಳೆಯನ್ನೂ ಓದಿಕೊಳ್ಳಲಿ.