ಗುಡ್ಡಗಾಡು ಅರಣ್ಯದಲ್ಲಿ ಮಾರ್ಗದರ್ಶಿಯೊಂದಿಗೆ ಎ.ಟಿ.ವಿ. ಸವಾರಿ: ಗಂಗಾವತಿ ಭಾಗದ ಪ್ರವಾಸಿಗರಿಗೆ ಮಾಹಿತಿ

ಪೀಠಿಕೆ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು ತುಂಗಭದ್ರಾ ನದಿಯ ಎಡದಂಡೆಯಲ್ಲಿದೆ. ಆನೆಗೊಂದಿ, ಅಂಜನಾದ್ರಿ, ಸಣಾಪುರ ಹಾಗೂ ಹಿರೇಬೆಣಕಲ್ ಸುತ್ತಲಿನ ಬಂಡೆಗಲ್ಲಿನ ಗುಡ್ಡಗಳು ಮತ್ತು ಕುರುಚಲು ಕಾಡು ಪ್ರವಾಸಿಗರನ್ನು ಆಕರ್ಷಿಸುತ್ತವೆ. ಇಂತಹ ಪ್ರದೇಶಗಳಲ್ಲಿ ಎ.ಟಿ.ವಿ. ಸವಾರಿ ಮಾಡಬಯಸುವವರು ಹಣ ಪಾವತಿಸುವ ಮೊದಲು ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ. ಅವುಗಳಲ್ಲಿ ಮುಖ್ಯವಾದುದೆಂದರೆ, ಸವಾರಿಯ ಆಯೋಜಕರು ನೀಡುವ ರಶೀದಿಯು ಅರಣ್ಯ ಪ್ರವೇಶದ ಅನುಮತಿ ಪತ್ರವಲ್ಲ.

1. ವಾಹನದ ಸ್ವರೂಪ

ಎ.ಟಿ.ವಿ. ಎಂಬುದು ದ್ವಿಚಕ್ರ ವಾಹನದಂತೆ ಕಾಲುಗಳನ್ನು ಇಬ್ಬದಿಗೆ ಹಾಕಿ ಕುಳಿತು, ಹ್ಯಾಂಡಲ್ ಹಿಡಿದು ಚಲಾಯಿಸುವ ನಾಲ್ಕು ಚಕ್ರಗಳ ತೆರೆದ ವಾಹನ. ಕಡಿಮೆ ಗಾಳಿಯೊತ್ತಡದ ಅಗಲ ಟೈರುಗಳಿರುವುದರಿಂದ ಮರಳು, ಕೆಸರು ಮತ್ತು ಕಲ್ಲುನೆಲದ ಮೇಲೆ ಚಲಿಸಬಲ್ಲದು. ಆದರೆ ವಾಹನದ ಎತ್ತರಕ್ಕೆ ಹೋಲಿಸಿದರೆ ಅಗಲ ಕಡಿಮೆ. ಆದ್ದರಿಂದ ಇಳಿಜಾರಿನಲ್ಲಿ ಅಡ್ಡಲಾಗಿ ಚಲಿಸುವಾಗ ಅಥವಾ ಏಕಾಏಕಿ ತಿರುಗಿಸಿದಾಗ ಮಗುಚಿ, ಸವಾರನ ಮೇಲೆಯೇ ಬೀಳುವ ಅಪಾಯವಿದೆ.

2. ಸವಾರಿಗೆ ಅವಕಾಶವಿರುವ ಹಾಗೂ ಇಲ್ಲದ ಸ್ಥಳಗಳು

ಅ) ಖಾಸಗಿ ಆವರಣ: ಬೇಲಿ ಅಥವಾ ಗೋಡೆಯಿಂದ ಸುತ್ತುವರಿದ ಖಾಸಗಿ ಜಮೀನಿನೊಳಗೆ ಮಾಲೀಕರ ಒಪ್ಪಿಗೆಯಿಂದ ಸವಾರಿ ಏರ್ಪಡಿಸಬಹುದು.

ಆ) ಸಾರ್ವಜನಿಕ ರಸ್ತೆ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 39ರ ಮೇರೆಗೆ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ. ನೋಂದಣಿ ಫಲಕವಿಲ್ಲದ ಎ.ಟಿ.ವಿ.ಯಲ್ಲಿ ಹಳ್ಳಿಯ ರಸ್ತೆ ದಾಟಿ ಗುಡ್ಡಕ್ಕೆ ಹೋಗುವುದೂ ಉಲ್ಲಂಘನೆಯಾಗುತ್ತದೆ.

ಇ) ಮೀಸಲು ಅರಣ್ಯ: ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ಚಾರಣಕ್ಕಾಗಿ ಪಡೆದ ಟಿಕೆಟ್ ಕಾಲ್ನಡಿಗೆಗೆ ಮಾತ್ರ ಅನ್ವಯಿಸುತ್ತದೆ. ಅದರ ಆಧಾರದ ಮೇಲೆ ವಾಹನ ಒಯ್ಯುವಂತಿಲ್ಲ.

ಈ) ವನ್ಯಜೀವಿ ಧಾಮ: ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 27 ಧಾಮದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. ಕಲಂ 28ರ ಮೇರೆಗೆ ಪ್ರವಾಸೋದ್ಯಮವೂ ಸೇರಿದಂತೆ ನಿರ್ದಿಷ್ಟ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ನೀಡಬಹುದು.

3. ನಿರ್ಬಂಧದ ಕಾರಣಗಳು

ಈ ಭಾಗದ ಗುಡ್ಡಗಳು ಬರಿದಾಗಿ ಕಂಡರೂ ನಿರ್ಜೀವವಲ್ಲ. ಬಂಡೆಗಳ ನಡುವಿನ ಪೊಟರೆ, ಗುಹೆಗಳಲ್ಲಿ ಚಿರತೆ ಮತ್ತು ಕರಡಿಗಳು ಆಶ್ರಯ ಪಡೆಯುತ್ತವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶವನ್ನು ತೋಳಗಳ ಸಂರಕ್ಷಣೆಗಾಗಿ ಧಾಮವೆಂದು ಘೋಷಿಸಲಾಗಿದೆ. ತೋಳಗಳು ಗವಿಗಳಲ್ಲಿ ಮರಿ ಹಾಕುತ್ತವೆ. ಗದ್ದಲದಿಂದ ಬೆದರಿದ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದುಂಟು. ಆ ಸಂದರ್ಭದಲ್ಲಿ ಮರಿಗಳು ಸಾಯುವ ಸಂಭವ ಹೆಚ್ಚು. ನೆಲೆ ತಪ್ಪಿದ ಪ್ರಾಣಿ ಕುರಿಹಟ್ಟಿಯತ್ತ ಬಂದರೆ ನಷ್ಟ ಅನುಭವಿಸುವವರು ಪ್ರವಾಸಿಗರಲ್ಲ, ಸ್ಥಳೀಯ ಕುರಿಗಾಹಿಗಳು.

ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳಿವೆ. ಈ ನೆಲೆಯು 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಒಂದರ ಮೇಲೊಂದು ಆನಿಸಿ ನಿಲ್ಲಿಸಿದ ಈ ಚಪ್ಪಡಿಗಳು ವಾಹನ ತಗುಲಿದರೆ ಉರುಳಬಹುದು. ಆದ್ದರಿಂದ ಇಲ್ಲಿಗೆ ಕಾಲ್ನಡಿಗೆಯಲ್ಲಿಯೇ ತೆರಳಬೇಕು.

4. ಪರ್ಯಾಯ ವ್ಯವಸ್ಥೆ

ಅರಣ್ಯವನ್ನು ನಿಯಮಾನುಸಾರ ನೋಡಬಯಸುವವರಿಗೆ ನದಿಯಾಚೆಗೆ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಇಲ್ಲಿ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ದೂರದಿಂದಲೇ ನೋಡಬಹುದು. ಮಲೆನಾಡಿನ ದುರ್ಗಮ ಹಾದಿಯ ಅನುಭವ ಬಯಸುವವರು 1343 ಮೀಟರ್ ಎತ್ತರದ ಕೊಡಚಾದ್ರಿಗೆ ಸ್ಥಳೀಯ ಚಾಲಕರ ಜೀಪುಗಳಲ್ಲಿ ತೆರಳುವುದು ರೂಢಿಯಲ್ಲಿದೆ. ಆ ಹಾದಿಯ ತಿರುವು, ಜಾರುಗಳನ್ನು ಬಲ್ಲ ಚಾಲಕನೇ ಅಲ್ಲಿ ಮಾರ್ಗದರ್ಶಿ.

5. ಹಣ ಪಾವತಿಸುವ ಮೊದಲು ಪರಿಶೀಲಿಸಬೇಕಾದ ದಾಖಲೆಗಳು

* ಜಮೀನು ಖಾಸಗಿಯದೆಂದು ತೋರಿಸುವ ಪಹಣಿ, ಅಥವಾ ಅರಣ್ಯ ಇಲಾಖೆಯ ಲಿಖಿತ ಅನುಮತಿ. ಬಾಯಿಮಾತಿನ ಭರವಸೆ ಸಾಲದು.
* ಅಪಘಾತ ವಿಮೆಯ ಪತ್ರ. ಅದರಲ್ಲಿ ಸಾಹಸ ಸವಾರಿಗೂ ರಕ್ಷಣೆ ಇದೆಯೇ ಎಂಬುದನ್ನು ಓದಿ ನೋಡತಕ್ಕದ್ದು.
* ಸಂಶಯವಿದ್ದಲ್ಲಿ ಸರ್ವೆ ನಂಬರ್ ತಿಳಿಸಿ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬಹುದು.

6. ಸವಾರರು ಪಾಲಿಸಬೇಕಾದ ಸೂಚನೆಗಳು

* ಹೆಲ್ಮೆಟ್, ಕೈಗವಸು, ಕಣ್ಣಿನ ರಕ್ಷಣೆ ಹಾಗೂ ಪಾದ ಮುಚ್ಚುವ ಬೂಟು ಧರಿಸತಕ್ಕದ್ದು.
* ಒಬ್ಬರಿಗಾಗಿ ತಯಾರಿಸಿದ ವಾಹನದಲ್ಲಿ ಇಬ್ಬರು ಕೂರಬಾರದು. 16 ವರ್ಷದೊಳಗಿನವರಿಗೆ ವಯಸ್ಕರ ವಾಹನ ನೀಡಬಾರದು.
* ಸಡಿಲ ಸೀರೆ, ದುಪಟ್ಟಾ, ಶಲ್ಯ ಧರಿಸಿ ಸವಾರಿ ಮಾಡಬಾರದು.
* ಮಾರ್ಗದರ್ಶಿಯ ವಾಹನವನ್ನು ಹಿಂದಿಕ್ಕಬಾರದು. ಅವರು ನಿಲ್ಲಿಸಿದಾಗ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು.
* ಮದ್ಯಪಾನ ಮಾಡಿದವರಿಗೆ ವಾಹನ ನೀಡುವ ಆಯೋಜಕರೊಂದಿಗೆ ಸವಾರಿಗೆ ಹೋಗದಿರುವುದು ಕ್ಷೇಮ.
* ಕಾಡುಪ್ರಾಣಿ ಎದುರಾದಲ್ಲಿ ಅಟ್ಟಿಸಿಕೊಂಡು ಹೋಗದೆ, ಅದಕ್ಕೆ ದಾರಿ ಬಿಟ್ಟು ಹಿಂದೆ ಸರಿಯತಕ್ಕದ್ದು.

7. ತುರ್ತು ಸಂಪರ್ಕ

ಅಪಘಾತ ಅಥವಾ ಇತರ ತುರ್ತು ಸಂದರ್ಭದಲ್ಲಿ 112, ಅರಣ್ಯ ಮತ್ತು ವನ್ಯಜೀವಿಗೆ ಸಂಬಂಧಿಸಿದ ದೂರುಗಳಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಗುಡ್ಡಗಳ ಮರೆಯಲ್ಲಿ ಮೊಬೈಲ್ ಸಂಕೇತ ದೊರೆಯದಿರುವ ಸಾಧ್ಯತೆ ಇರುವುದರಿಂದ, ಹೊರಡುವ ಮುನ್ನ ಹೋಗುವ ಸ್ಥಳ ಮತ್ತು ಹಿಂತಿರುಗುವ ವೇಳೆಯನ್ನು ಮನೆಯವರಿಗೆ ಅಥವಾ ವಸತಿಗೃಹದವರಿಗೆ ತಿಳಿಸಿರತಕ್ಕದ್ದು.