ಪಂಪು ಹಿಡಿದ ಕೈಗೆ ಪಾಠ

1958ರ ಏಪ್ರಿಲ್-ಮೇ ತಿಂಗಳಲ್ಲಿ ಕೇರಳದಲ್ಲಿ ಗೋಧಿಹಿಟ್ಟಿನ ತಿನಿಸು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮದ್ರಾಸ್ ರಾಜ್ಯದಲ್ಲೂ ಸಾವುಗಳಾದವು. ಹಿಟ್ಟಿಗೆ ಸೇರಿದ್ದು ಫಾಲಿಡಾಲ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ. ಯಾರೂ ಬೇಕೆಂದು ಬೆರೆಸಿದ್ದಲ್ಲ. ಮುಂಬಯಿ ಬಂದರಿನಿಂದ ಕೊಚ್ಚಿಗೆ ಹೊರಟ ಹಡಗಿನಲ್ಲಿ ಹಿಟ್ಟಿನ ಚೀಲಗಳ ಜೊತೆಗೇ ಈ ವಿಷವೂ ಪ್ರಯಾಣ ಮಾಡಿತ್ತು. ಕೇಂದ್ರ ಸರ್ಕಾರ ನೇಮಿಸಿದ ತನಿಖಾ ಆಯೋಗದ ಹೊಣೆ ಹೊತ್ತವರು ಆಗ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಜೆ.ಸಿ. ಶಾ.

ಇಂಥ ಅಜಾಗ್ರತೆ ಎಲ್ಲಿಂದ ಬಂತು ಎಂದು ತಿಳಿಯಲು ಹನ್ನೆರಡು ವರ್ಷ ಹಿಂದೆ ಹೋಗಬೇಕು. 1946ರಲ್ಲಿ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮುಂದಾಳತ್ವದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯುವ ಕೆಲಸ ಶುರುವಾಯಿತು. ಮಲೇರಿಯಾ ಇಳಿಯಿತು. ಈ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿಯಾಯಿತು. ಡಿಡಿಟಿ ಪರಿಸರಕ್ಕೆ ಮಾಡುವ ಹಾನಿ ಆಮೇಲೆ ಗೊತ್ತಾದದ್ದು. ಮೈಮೇಲೆ ಬಿದ್ದ ತಕ್ಷಣ ಅದು ಮನುಷ್ಯನನ್ನು ಕೊಲ್ಲುತ್ತಿರಲಿಲ್ಲ. ಬರಿಗೈಯಲ್ಲಿ ಕಲಸಿದವರೂ ಸಂಜೆ ಮನೆಗೆ ಮರಳುತ್ತಿದ್ದರು. ಪ್ಯಾರಾಥಿಯಾನ್ ಹಾಗಲ್ಲ. ಅದು ನರಗಳ ಕೆಲಸವನ್ನೇ ಕೆಡಿಸುತ್ತದೆ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಔಷಧ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ.

ಕೇರಳದ ಸಾವುಗಳು ಎಬ್ಬಿಸಿದ ಪ್ರಶ್ನೆಗೆ ಉತ್ತರವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಡಬ್ಬದ ಮೇಲೆ ವಿಷದ ಪ್ರಮಾಣ ಹೇಳುವ ಬಣ್ಣ ಕಡ್ಡಾಯವಾಯಿತು: ಅತಿ ಘೋರ ವಿಷಕ್ಕೆ ಕೆಂಪು, ನಂತರ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ಅರ್ಥವಾಗಲಿ ಎಂಬ ಜಾಣ ಏರ್ಪಾಡು ಇದು. ಆದರೆ ಕೆಂಪೆಂದರೆ ಏನೆಂದು ಯಾರಾದರೂ ಒಮ್ಮೆ ಹೇಳಿಕೊಡಲೇಬೇಕು. ಅದಕ್ಕೆಂದೇ 42ನೇ ನಿಯಮವಿದೆ: ತಯಾರಕರು, ವಿತರಕರು, ಕೀಟ ನಿಯಂತ್ರಣ ನಡೆಸುವವರು ಕೆಲಸಗಾರರಿಗೆ ತಕ್ಕ ತರಬೇತಿ ಕೊಡಿಸಬೇಕು. ಎಷ್ಟು ದಿನ, ಯಾವ ಭಾಷೆಯಲ್ಲಿ, ಕಲಿತದ್ದನ್ನು ಪರೀಕ್ಷಿಸುವವರು ಯಾರು? ನಿಯಮ ಹೇಳುವುದಿಲ್ಲ.

ಮೇಲಿನ ಹಂತದಲ್ಲಿ ಮಾತ್ರ ಕಾನೂನು ಖಚಿತ. ಅಲ್ಯೂಮಿನಿಯಂ ಫಾಸ್ಫೈಡ್, ಮೀಥೈಲ್ ಬ್ರೋಮೈಡ್‌ನಂಥ ಧೂಮಕಗಳನ್ನು ಬಳಸುವ ಮುಂಬಯಿಯ ಸಂಸ್ಥೆಗೆ ಪರವಾನಗಿ ಬೇಕಾದರೆ ಕೃಷಿ ಪದವೀಧರರೋ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವೀಧರರೋ ಬೇಕು. ಅವರ ಬಳಿ ತರಬೇತಿಯ ಪ್ರಮಾಣಪತ್ರವೂ ಇರಬೇಕು. ಅದನ್ನು ಕೊಡುವ ಸಂಸ್ಥೆಗಳಲ್ಲಿ ಒಂದು ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಈ ಆಹಾರ ಸಂಶೋಧನಾಲಯಕ್ಕೆ ಧಾನ್ಯ ಕಾಯುವ ವಿದ್ಯೆ ಮೂಲ ಕಸುಬುಗಳಲ್ಲೊಂದು. ಹೀಗೆ ಮುಂಬಯಿಯ ಗೋದಾಮಿನ ಪಾಠ ಮೈಸೂರಿನಲ್ಲೂ ನಡೆಯುತ್ತದೆ.

ಆ ಪಾಠ ಅಂಧೇರಿಯ ಫ್ಲಾಟಿಗೋ, ಮಾಟುಂಗಾದ ಉಡುಪಿ ಹೋಟೆಲಿನ ಅಡುಗೆಮನೆಗೋ ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದೇ ಪ್ರಶ್ನೆ. ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲಿರುತ್ತದೆ. ಪಂಪು ಇನ್ನೊಬ್ಬನ ಹೆಗಲ ಮೇಲಿರುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಬಿರುಕಿನಲ್ಲಿ, ಕೊಳವೆಯ ಸಂದಿನಲ್ಲಿ ನುಸುಳಿ ಅದು ಪಕ್ಕದ ಮನೆಗೂ ಹೋಗಬಲ್ಲದು. ಈ ಮಾತ್ರೆಯನ್ನು ಸರ್ಕಾರಿ ಸಂಸ್ಥೆಗಳು ಮತ್ತು ಕೀಟ ನಿಯಂತ್ರಕರು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂಬ ನಿರ್ಬಂಧ ಇರುವುದು ಅದಕ್ಕೇ.

ಅದೇ ಮಹಾರಾಷ್ಟ್ರದ ಯವತಮಾಳದಲ್ಲಿ 2017ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಕಾಯ್ದೆಗೆ ಆಗ ಸುಮಾರು ಐವತ್ತು ವರ್ಷ. ಬಣ್ಣದ ಗುರುತೂ ಇತ್ತು, 42ನೇ ನಿಯಮವೂ ಇತ್ತು. ತರಬೇತಿ ಪಡೆದವನನ್ನು ಲೆಕ್ಕ ಹಾಕುವ ಕಾನೂನು, ತರಬೇತಿ ತಲುಪದವನನ್ನು ಆಸ್ಪತ್ರೆಯ ದಾಖಲೆಯಲ್ಲಷ್ಟೇ ಕಾಣುತ್ತದೆ. ಮನೆಗೆ ಔಷಧ ಹೊಡೆಸುವವರು ಬಂದವನನ್ನು ಎರಡು ಮಾತು ಕೇಳಬಹುದು: ಡಬ್ಬದ ಬಣ್ಣ ಯಾವುದು, ನಿನಗೆ ಕಲಿಸಿದವರು ಯಾರು?